ಮಗಳು ತೇರ್ಸಕ್ಕೆ (ಕ್ಯಾಥೊಲಿಕ್ ಮನೆಗಳ ಸಂಜೆಯ ಜಪಸರ ಪ್ರಾರ್ಥನೆಗೆ) ಕೂರುವುದಿಲ್ಲ, ಗಂಡ ಕುವೈತಿಗೆ ಕರೆಯುತ್ತಿದ್ದಾರೆ: ನಿಮ್ಮ ಅನುಭವ ಹೇಳಿ

ಮೂಡುಬೆಳ್ಳೆ ಸೊಸೆ (ಕೇಳಿದವರು):
ನಾನು, ಅತ್ತೆ, 13ರ ಮಗಳು ಬೆಂಗಳೂರಲ್ಲಿ. ಗಂಡ ಆರು ವರ್ಷದಿಂದ ಕುವೈತಲ್ಲಿ. ಈಗ ಅಲ್ಲಿ ಸಂಬಳ ಹೆಚ್ಚಾಗಿದೆ, ಫ್ಯಾಮಿಲಿ ವೀಸಾ ಆಗ್ತದೆ, ಬನ್ನಿ ಅಂತಿದ್ದಾರೆ. ಹೋದರೆ ನನ್ನ ಬ್ಯಾಂಕ್ ಕೆಲಸ ಬಿಡಬೇಕು, ಅತ್ತೆಯನ್ನು ಊರಲ್ಲಿ ನಾದಿನಿ ಮನೆಗೆ ಬಿಡಬೇಕು. ಇನ್ನೊಂದು ಕಡೆ, ಮೂರು ತಿಂಗಳಿಂದ ಮಗಳು ಸಂಜೆ ತೇರ್ಸಕ್ಕೆ ಕೂರುವುದೇ ಇಲ್ಲ. ಶುರುವಾದದ್ದು ಒಂದು ಗುರುವಾರ. ತೇರ್ಸದಲ್ಲಿ ದಿನಕ್ಕೊಂದು ಗುಂಪು ರಹಸ್ಯ, ಅಂದರೆ ಯೇಸು, ಮರಿಯಮ್ಮನ ಬದುಕಿನ ಐದು ಘಟನೆ, ನೆನೆಯುವುದಲ್ವಾ. ದೊತೊರ್ನಿಯಲ್ಲಿ (ಚರ್ಚಿನ ಧರ್ಮಪಾಠದಲ್ಲಿ) ಗುರುವಾರ ಬೆಳಕಿನ ರಹಸ್ಯ ಅಂತ ಕಲಿಸಿದ್ದಾರೆ, ಅತ್ತೆ ಸಂತೋಷದ್ದೇ ಹೇಳ್ತಾರೆ. ಮಾತಿಗೆ ಮಾತು ಬೆಳೆದು ಅವಳು ಜಪಸರ ಮೇಜಿನ ಮೇಲೆ ಇಟ್ಟು ಎದ್ದಳು. ಅಪ್ಪ ಎದುರಿಗಿದ್ದರೆ ಸರಿಹೋಗ್ತದಾ? ಇಂಥದ್ದನ್ನು ಕಂಡವರು ಹೇಳಿ.

ಸಾಲ್ಮಿಯಾ ರಿಟರ್ನ್:
ಹೋಗಿ ತಂಗಿ, ಎರಡನೇ ಯೋಚನೆ ಬೇಡ. ನಾನು 2003ರಲ್ಲಿ ಒಬ್ಬನೇ ಹೋದೆ, 2006ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿದೆ. ಬಾಡಿಗೆ ಮೊದಲು 165 ದಿನಾರ್, 2014ಕ್ಕೆ 260. ಸ್ಕೂಲಿಗೆ ಇಬ್ಬರದ್ದು 68, ಬಸ್ಸಿಗೆ ಬೇರೆ. ಕೈಯಲ್ಲಿ ಉಳಿದದ್ದು ಸೊನ್ನೆ. ಅಣ್ಣ ಊರಲ್ಲಿ ಎರಡು ಮಹಡಿ ಎಬ್ಬಿಸಿದ, ನನ್ನದು ಇವತ್ತಿಗೂ ಹಂಚಿನ ಮನೆ. ಆದರೆ ಹದಿನೈದು ವರ್ಷ ನಾಲ್ಕು ಜನ ಒಂದೇ ಮೇಜಿನಲ್ಲಿ ಉಂಡೆವು. ಅಲ್ಲಿ ರಜೆ ಶುಕ್ರವಾರ, ದೊತೊರ್ನಿಯೂ ಶುಕ್ರವಾರ. ಬೆಳಿಗ್ಗೆ ಹೋದರೆ ಗಾಡಿ ನಿಲ್ಲಿಸಲು ಮುಕ್ಕಾಲು ಗಂಟೆ. ಜೂನ್‌ನಲ್ಲಿ ಕಾರಿನ ಸೀಟು ಮುಟ್ಟಿದರೆ ಕೈ ಸುಡ್ತದೆ. ಕುವೈತ್ ಸಿಟಿಯ ಹೋಲಿ ಫ್ಯಾಮಿಲಿ ಕೆಥೆಡ್ರಲ್‌ನಲ್ಲಿ ಮಲಯಾಳಿ, ಫಿಲಿಪಿನೋ, ಗೋವಾದವರು, ನಾವು, ಎಲ್ಲ ಒಂದೇ ಗೇಟಿನಲ್ಲಿ ನುಗ್ಗುವುದು. ಮಕ್ಕಳಿಗೆ ಇಗರ್ಜಿ ಅಂದರೆ ಊರೇ ಆಗಿತ್ತು.
2021ರಲ್ಲಿ ಕೆಲಸ ಹೋಯಿತು, ಬಂದೆವು. ದೊಡ್ಡವನು ಈಗ ಇಗರ್ಜಿಗೆ ಬರುವುದು ಮೊಂತಿ ಫೆಸ್ತಿಗೆ (ಮರಿಯಮ್ಮನ ಹಬ್ಬಕ್ಕೆ) ಮಾತ್ರ, ಅದೂ ಹೊಸ ತೆನೆಯ ದಿನದ ಊಟಕ್ಕೆ. ಅದು ಬೇರೆ ವಿಷಯ.

ಏಳು ಗಂಟೆ:
"ಅದು ಬೇರೆ ವಿಷಯ" ಅಂತೆ! ಅದೇ ಅಲ್ವಾ ವಿಷಯ ಮಾರಾಯ್ರೆ?
ನಾನು ಹೋಗಲಿಲ್ಲ. ಹದಿನೇಳು ವರ್ಷ ಗಂಡ ಸೌದಿಯ ದಮ್ಮಾಮ್‌ನಲ್ಲಿ, ನಾನು ಶಿರ್ವದ ಹತ್ತಿರ ಮೂರು ಮಕ್ಕಳೊಟ್ಟಿಗೆ. ಸೌದಿಯಲ್ಲಿ ಇಗರ್ಜಿಯೇ ಇಲ್ಲ, ನೆನಪಿರಲಿ. ಸಂಜೆ ಏಳಕ್ಕೆ ಟಿ.ವಿ. ಬಂದ್. ಮಕ್ಕಳು ಹಠ ಮಾಡಿದಾಗ ಕೇಬಲ್ಲಿನವನನ್ನು ಕರೆಸಿ ವೈರೇ ಕತ್ತರಿಸಿದೆ. ಮತ್ತೆ ಹಾಕಿಸಲು 1,200 ರೂಪಾಯಿ ಕೇಳಿದ, ಹಾಕಿಸಲಿಲ್ಲ. ಪರೀಕ್ಷೆ ಇರಲಿ, ಜ್ವರ ಇರಲಿ, ಅಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಮುಂದೆ ಮೊಣಕಾಲು. ಮುಗಿದ ಮೇಲೆ ಹಿರಿಯರಿಂದೆಲ್ಲ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು. ಈ ಗಟ್ಟಿತನ ನನಗೆ ಬಂದದ್ದು ಅಮ್ಮನಿಂದ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಅಪ್ಪ ಅಲ್ಲೇ ಇದ್ದರು. ಐವತ್ತೊಂದು ದಿನ ಪತ್ರವಿಲ್ಲ, ಫೋನಿಲ್ಲ. ವಾಡೆಯ, ಅಂದರೆ ನೆರೆಕರೆಯ, ಕ್ಯಾಥೊಲಿಕರೆಲ್ಲ ನಮ್ಮ ಮನೆಗೆ ಬಂದು ತೇರ್ಸ್ ಹೇಳಿದರು, ಅಂಗಳದಲ್ಲಿ ಚಾಪೆ ಸಾಲದೆ ಗೋಣಿ ಹಾಸಿದೆವು. ಅಪ್ಪ ಬಂದದ್ದು ಬಾಗ್ದಾದ್, ಅಲ್ಲಿಂದ ಬಸ್ಸಲ್ಲಿ ಜೋರ್ಡಾನಿನ ಅಮ್ಮಾನ್, ಅಮ್ಮಾನಿಂದ ವಿಮಾನ. ಮನೆಗೆ ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ.
ನನ್ನ ಮೂವರೂ ಇವತ್ತಿಗೂ ತೇರ್ಸ್ ಬಿಟ್ಟಿಲ್ಲ. ಕೆನಡಾದಲ್ಲಿರುವವನು ವಾಟ್ಸಾಪ್‌ನಲ್ಲೇ ನಮ್ಮೊಟ್ಟಿಗೆ ಸೇರುತ್ತಾನೆ.

ಸಾಲ್ಮಿಯಾ ರಿಟರ್ನ್:
ವಾಟ್ಸಾಪಲ್ಲಿ ಸೇರುತ್ತಾನೆ, ಅಂದರೆ ಮನೆಯಲ್ಲಿ ಇಲ್ಲ. ಅಪ್ಪನ ಮುಖವನ್ನು ವರ್ಷಕ್ಕೆ ಒಂದು ತಿಂಗಳು ನೋಡಿದ ಮಕ್ಕಳು ಅವು. ಬೇಜಾರು ಮಾಡಬೇಡಿ.

ಏಳು ಗಂಟೆ:
ಮಾಡಿಯಾಯಿತು.

ಧಾರವಾಡದ ತಮ್ಮ:
ನಾವು ಬಾಸೆಲ್ ಮಿಷನ್ ಮಂದಿ, ಪ್ರಾಟೆಸ್ಟಂಟರು. 1837ರಾಗ ಮಿಷನ್ ಧಾರವಾಡಕ್ಕ ಬಂತು, ಆವಾಗಿಂದ ನಮ್ಮ ಹಿರ್ಯಾರು ಅದರಾಗ. ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ನಮ್ಮ ಮನ್ಯಾಗ ಮಣಿ ಎಣಸೂದಿಲ್ಲ. ಊಟಕ್ಕ ಮೊದ್ಲ ಒಂದ ಹಾಡು, ಒಂದ ಅಧ್ಯಾಯ, ಒಂದ ಪ್ರಾರ್ಥನಿ, ಹತ್ತ ನಿಮಿಷ. ಹುಡುಗ್ರು ಪಾಳಿ ಮ್ಯಾಲ ಓದತಾವ. 53 ಸಲ ಅದ ಮರಿಯಮ್ಮನ ಜಪ ಅಂದ್ರ ಹದಿಮೂರರ ಹುಡುಗಿ ಏಳದ ಏನ ಮಾಡೀತು?
ಖರೇ ಹೇಳ್ತೀನಿ, ನಿಮ್ಮವರ ಸಹವಾಸ ನನಗ ಗೊತ್ತೈತಿ. ನನ್ನ ಹೆಂಡ್ತಿ ಮಂಗಳೂರು ಕ್ಯಾಥೊಲಿಕ್. ಮದುವಿ ಮುಂದ ಬಿಷಪ್ಪರ ಪರವಾನಗಿ ಬೇಕಂತ ಎರಡ ತಿಂಗಳು ಅಡ್ಡಾಡಿದ್ನಿ. ಹುಬ್ಬಳ್ಳಿ–ಮಂಗಳೂರು ಬಸ್ ನಾಕ ಸಲ. ಜ್ಞಾನಸ್ನಾನದ ಸರ್ಟಿಫಿಕೇಟ್‌ನ್ಯಾಗ ಅಪ್ಪನ ಹೆಸರಿಂದು ಒಂದ ಅಕ್ಷರ ತಪ್ಪಿತ್ತು, ಅದನ್ನ ತಿದ್ದಸಾಕ ಹನ್ನೊಂದ ದಿನ. ಮದುವಿ ಕೋರ್ಸಿಗೆ ಮೂರ ದಿನ ಪಗಾರ ಕಟ್. ಮಕ್ಳನ್ನ ಕ್ಯಾಥೊಲಿಕ್ ಮಾಡ್ತೀನಂತ ಬರಸಿಕೊಂಡ್ರು. ಮದುವಿ ಹಿಂದಿನ ದಿನ ರೋಸ್ ಶಾಸ್ತ್ರ ಅಂತ ತಲಿ ಮ್ಯಾಲ ಕಾಯಿ ಹಾಲು ಸುರುವಿದ್ರು. ಫೋಟೋದಾಗೆಲ್ಲ ಮೂಗ ಕೆಂಪು, ನೆಗಡಿ.

ಸಾಲ್ಮಿಯಾ ರಿಟರ್ನ್:
ರೋಸಿನ ಹಾಲಿಗೆ ನೆಗಡಿ ಬರುವುದಿಲ್ಲ. ಬಸ್ಸಿನ ಎ.ಸಿ.ಗೆ ಬಂದಿರಬೇಕು. ಮತ್ತೆ, ಬರೆದುಕೊಟ್ಟದ್ದು ನೀವಲ್ಲ. 1970ರಿಂದ ಆ ಮಾತು ಕೊಡಬೇಕಾದವರು ಕ್ಯಾಥೊಲಿಕ್ ಕಡೆಯವರು ಮಾತ್ರ, ತಮ್ಮ ಕೈಲಾದದ್ದು ಮಾಡ್ತೇವೆ ಅಂತ. ಇನ್ನೊಬ್ಬರಿಗೆ ತಿಳಿಸಿದರೆ ಸಾಕು. ಕೋರ್ಸಲ್ಲಿ ನಿದ್ದೆ ಮಾಡಿದ್ರಾ?

ಧಾರವಾಡದ ತಮ್ಮ:
ಕಾಗದದಾಗ ಹಂಗ ಇರಬೌದು ಸಾಹೇಬ್ರ. ಮಾವನವರು ಕುರ್ಚಿ ಹಾಕ್ಕೊಂಡು ಎದುರಿಗೆ ಕೂತಾಗ "ನಿಮಗ ತಿಳಿಸೇವಿ ಅಷ್ಟ" ಅನ್ನಲಿಲ್ಲ. ಈಗ ಮಗ ಅವರವ್ವನ ಜೋಡಿ ಕ್ಯಾಥೊಲಿಕ್ ಚರ್ಚಿನ ಪೂಜಿಗೆ ಹೊಕ್ಕಾನ, ಮಗಳು ನನ್ನ ಜೋಡಿ ಬರ್ತಾಳ. ಐತವಾರ ಒಂದ ಮನ್ಯಾಗ ಎರಡ ಸ್ಕೂಟರ್ ಹೊರಡತಾವ. ಮಧ್ಯಾಹ್ನ ಸಾರು ಒಂದ.

ಬೆಂಗಳೂರು ಪ್ಯಾರಿಷಿಗ:
ಎಲ್ಲರೂ ಒಂದನ್ನು ಮರೆತಿದ್ದೀರಿ. ಮಗು ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು? ದೊತೊರ್ನಿ ಇಂಗ್ಲಿಷಲ್ಲಿ, ಅಜ್ಜಿ ಕೊಂಕಣಿಯಲ್ಲಿ, ಶಾಲೆಯಲ್ಲಿ ಕನ್ನಡ. ದಿನವೂ ಕಿವಿಗೆ ಬೀಳುವ ಭಾಷೆಯಲ್ಲಿ "ನಮೋ ಮರಿಯಾ" ಅನ್ನಲಿ. ನಮ್ಮಪ್ಪ ಕನ್ನಡ ಪೂಜೆ ಬೇಕು ಅಂತ ಈ ಊರಿನಲ್ಲಿ ಮನವಿ ಪತ್ರ ಹಿಡಿದು ಓಡಾಡಿದವರು. ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಸಭೆ 1965ಕ್ಕೇ ಮುಗಿದು, ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದಿತ್ತು. ನಮ್ಮ ಪ್ಯಾರಿಷ್ ಚರ್ಚಿನಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ ಐದೂವರೆ. ಐದೂವರೆ! ನಾನು, ತಂಗಿ ಸ್ವೆಟರ್ ಹಾಕಿಕೊಂಡು ತೂಕಡಿಸುತ್ತಾ ಹೋಗುತ್ತಿದ್ದೆವು. ನೀವು ಕರಾವಳಿಯವರು ಬಂದವರೇ ಕೊಂಕಣಿ ಪೂಜೆ ಕೇಳಿದಿರಿ, ತಿಂಗಳಿಗೊಮ್ಮೆ ಸಂಜೆ ಸಿಕ್ಕಿತು, ಮೇಲೆ ಚಹಾ ಬೇರೆ.

ಏಳು ಗಂಟೆ:
ಚಹಾಕ್ಕೂ ಹೊಟ್ಟೆಕಿಚ್ಚಾ? ನಾವು ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುವವರು. 'ರಾಕ್ಣೊ' ಕೊಂಕಣಿ ವಾರಪತ್ರಿಕೆ 1938ರಿಂದ ಕನ್ನಡ ಅಕ್ಷರದಲ್ಲೇ ಬರ್ತಾ ಇದೆ. ನಮಗೆ ಕನ್ನಡ ಪಾಠ ಬೇಡ.

ಬೆಂಗಳೂರು ಪ್ಯಾರಿಷಿಗ:
ಲಿಪಿಯಲ್ಲಿ ಬರೆದರೆ ಆಯಿತಾ? ಪೂಜೆಯಲ್ಲಿ ಎಷ್ಟು ಜನ ನಮ್ಮೊಟ್ಟಿಗೆ ಐದೂವರೆಗೆ ಎದ್ದಿರಿ, ಹೇಳಿ.

ಮೂಡುಬೆಳ್ಳೆ ಸೊಸೆ:
ದಯವಿಟ್ಟು. ನಾನು ಕೇಳಿದ್ದು ಮಗಳ ವಿಷಯ. ಅವಳಿಗೆ ಕೊಂಕಣಿ ಚೆನ್ನಾಗಿ ಬರ್ತದೆ, ಹೇಳಿದ್ದೆನಾ ಬರುವುದಿಲ್ಲ ಅಂತ? ಜಗಳ ಗುರುವಾರದ್ದು.

ಸಾಲ್ಮಿಯಾ ರಿಟರ್ನ್:
ಗುರುವಾರಕ್ಕೆ ಬೆಳಕಿನ ರಹಸ್ಯವೇ ಸರಿ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಐದನ್ನು ಸೇರಿಸಿದರು, ಹದಿನೈದಿದ್ದದ್ದು ಇಪ್ಪತ್ತಾಯಿತು. ಸಂತೋಷದ್ದು ಸೋಮವಾರ, ಶನಿವಾರ. ಮಗಳು ಹೇಳಿದ್ದೇ ಸರಿ, ಅತ್ತೆಗೆ ಹೇಳಿ.

ಏಳು ಗಂಟೆ:
ಹೇಳಿ ನೋಡಿ! ಅರವತ್ತು ವರ್ಷ ಸೋಮವಾರ, ಗುರುವಾರ ಸಂತೋಷದ್ದು ಅಂತ ಹೇಳಿದ ಬಾಯಿಗೆ ನೀವು ಕ್ಯಾಲೆಂಡರ್ ತೋರಿಸಿ. ಹೊಸದನ್ನು ಹೇಳಲೇಬೇಕು ಅಂತ ಪೋಪರೂ ಕಡ್ಡಾಯ ಮಾಡಲಿಲ್ಲ. ಹಳೆಯದು ಹೇಳಿದರೆ ಪಾಪ ಏನಲ್ಲ.

ಸಾಲ್ಮಿಯಾ ರಿಟರ್ನ್:
ಹಾಗಾದರೆ ಮಗಳಿಗೂ ಪಾಪ ಅಲ್ಲ. ಅಷ್ಟೇ ನಾನು ಹೇಳುವುದು.

ಧಾರವಾಡದ ತಮ್ಮ:
ಬೈಬಲ್ ತಗೀರಿ, ಎಲ್ಲ ವಾರಕ್ಕೂ ನಡೀತೈತಿ.

ಮೂಡುಬೆಳ್ಳೆ ಸೊಸೆ:
ಇವತ್ತು ಗುರುವಾರ. ಅತ್ತೆ ಸಂತೋಷದ್ದೇ ಶುರು ಮಾಡಿದರು. ಮಗಳು ಬಂದು ಸೋಫಾದಲ್ಲಿ ಕೂತಳು, ಬಾಯಿ ಬಿಡಲಿಲ್ಲ. ಮೂರನೆಯ ರಹಸ್ಯಕ್ಕೆ ಅತ್ತೆಗೆ ಕೆಮ್ಮು ಬಂದು ನಿಂತಾಗ ನಮಾನ್ ಮರಿಯೆ (ನಮೋ ಮರಿಯಾ) ಎಷ್ಟಾಯಿತು ಅಂತ ಅವರಿಗೇ ತಪ್ಪಿತು. "ಏಳು" ಅಂದಳು ಇವಳು. ಎಣಿಸುತ್ತಾ ಇದ್ದಳಂತೆ. ಮತ್ತೆ ಮೊಬೈಲ್ ಹಿಡಿದಳು.
ಗಂಡನಿಗೆ ಹೇಳಿದೆ. ಅವರು ಅದಕ್ಕೆ ಏನೂ ಹೇಳಲಿಲ್ಲ. ಫ್ಲ್ಯಾಟ್ ನೋಡಿದ್ದಾರಂತೆ, ಎರಡು ರೂಮು, 290 ದಿನಾರ್, ತಿಂಗಳ ಕೊನೆಯೊಳಗೆ ಹೌದು ಅಲ್ಲ ಹೇಳಬೇಕಂತೆ.

ಸಾಲ್ಮಿಯಾ ರಿಟರ್ನ್:
290 ಜಾಸ್ತಿ ಆಯಿತು. ಯಾವ ಬ್ಲಾಕ್? ಎ.ಸಿ. ಸೆಂಟ್ರಲ್ಲಾ, ಕಿಟಕಿಯದ್ದಾ, ಅದನ್ನು ಮೊದಲು ಕೇಳಿ.