ಪದಚರ್ಚೆ: ‘ಇನ್ಫಿನಿಟ್ ಥಿಕ್‌ನೆಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ,

ಅಣು ಇಂಧನದಲ್ಲಿ ಯುರೇನಿಯಂ ಎನ್ರಿಚ್‌ಮೆಂಟ್ ಎಷ್ಟಿದೆ ಅಂತ ಗಾಮಾ ಕಿರಣದಿಂದ ಹೇಗೆ ಅಳೀತಾರೆ ಅನ್ನೋದನ್ನ ಪಿಯು ಹುಡುಗ್ರಿಗೆ ಅರ್ಥ ಆಗೋ ಹಾಗೆ ಬರೀತಾ ಇದೀನಿ, ಮೂರು ಪದಕ್ಕೆ ನಿಮ್ಮ ಸಹಾಯ ಬೇಕು.

ಮೊದಲ್ನೇದು ಎನ್ರಿಚ್‌ಮೆಂಟೇ. ಪೇಪರ್‌ನಲ್ಲಿ ಪುಷ್ಟೀಕರಣ, ಸಂವರ್ಧನೆ ಅಂತೆಲ್ಲ ಬರುತ್ತೆ, ಆದ್ರೆ ಅವು ಸೆಂಟ್ರಿಫ್ಯೂಜಲ್ಲಿ (ಜೋರಾಗಿ ತಿರುಗಿಸಿ ಬೇರ್ಪಡಿಸೋ ಯಂತ್ರ) ಯುರೇನಿಯಂ-235ರ, ಅಂದ್ರೆ ಸುಲಭವಾಗಿ ಒಡೆದು ಶಕ್ತಿ ಕೊಡೋ ಬಗೆಯ ಯುರೇನಿಯಂನ, ಪಾಲು ಏರಿಸೋ ಕೆಲಸದ ಹೆಸರು, ನಂಗೆ ಬೇಕಿರೋದು ಆ ಪಾಲಿನ ಹೆಸರು. ಕೈಗಾದಲ್ಲಿ ಉರಿಯೋದು ಗಣಿಯಿಂದ ಬಂದ ಪಾಲನ್ನೇ ಉಳಿಸ್ಕೊಂಡಿರೋ ಯುರೇನಿಯಂ, ಅದರಲ್ಲಿ 235 ಇರೋದು ಸುಮಾರು 0.7%. ಯಾರೂ ಪುಷ್ಟಿ ಮಾಡದೇ ಇರೋದಕ್ಕೆ ‘ಪುಷ್ಟೀಕರಣ 0.7%’ ಅಂತ ಬರೆಯೋಕೆ ಮನಸ್ಸು ಬರಲ್ಲ. ಸುಮ್ನೆ ‘235ರ ಪಾಲು’ ಅಂದ್ರೆ ಸಾಕಲ್ವಾ?

ನಿಜವಾದ ಕಷ್ಟ ಇನ್ಫಿನಿಟ್ ಥಿಕ್‌ನೆಸ್ ಅನ್ನೋದರಲ್ಲಿ. ಯುರೇನಿಯಂ-235 ಬಿಡೋ ಮುಖ್ಯವಾದ ಗಾಮಾ ಕಿರಣದ ಶಕ್ತಿ 185.7 ಕಿಲೋ ಎಲೆಕ್ಟ್ರಾನ್ ವೋಲ್ಟ್, ಯುರೇನಿಯಂ ಎಷ್ಟು ಭಾರದ ಲೋಹ ಅಂದ್ರೆ ತನ್ನೊಳಗೆ ಹುಟ್ಟಿದ ಈ ಕಿರಣವನ್ನ ತಾನೇ ನುಂಗಿಬಿಡುತ್ತೆ, ಹಾಗಾಗಿ ಲೋಹದ ಗಟ್ಟಿ ಆದ್ರೆ ಮೇಲಿನ ಸುಮಾರು 3 ಮಿಲಿಮೀಟರ್‌ನಿಂದ ಬಂದಿದ್ದಷ್ಟೇ ಡಿಟೆಕ್ಟರ್ ತಲುಪೋದು, ಅದಕ್ಕಿಂತ ಕೆಳಗೆ ಎಷ್ಟೇ ಇದ್ರೂ ಲೆಕ್ಕ ಬದಲಾಗಲ್ಲ. ಈ ದಪ್ಪಕ್ಕೇ ಇಂಗ್ಲಿಷಲ್ಲಿ ಇನ್ಫಿನಿಟ್ ಥಿಕ್‌ನೆಸ್ ಅನ್ನೋದು. ಮಾದರಿ ಅಷ್ಟು ದಪ್ಪ ಇದ್ದಮೇಲೆ ಒಂದೇ ಸೀಸದ ಕಿಂಡಿಯಿಂದ ನೋಡಿದಾಗ ಸೆಕೆಂಡಿಗೆ ಬರೋ ಎಣಿಕೆ ನೇರವಾಗಿ 235ರ ಪಾಲನ್ನೇ ಹೇಳುತ್ತೆ, ತೂಕ ಹಾಕೋದೂ ಬೇಡ, ಮಾದರಿ ಒಡೆಯೋದೂ ಬೇಡ. ಈ ಇಡೀ ವಿಧಾನ ನಿಂತಿರೋದೇ ಇದರ ಮೇಲೆ!

ಈಗ ಇದನ್ನ ‘ಅನಂತ ದಪ್ಪ’ ಅಂತ ಬರೆದು, ಪಕ್ಕದಲ್ಲೇ 3 ಮಿ.ಮೀ. ಅಂದ್ರೆ ಓದೋ ಹುಡುಗರ ಗತಿ ಏನು? ‘ಕನಿಷ್ಠ ದಪ್ಪ’ ಅಂದ್ರೆ ಯಾತಕ್ಕೆ ಕನಿಷ್ಠ ಅಂತ ಕೇಳ್ತಾರೆ. ‘ಸಾಕುದಪ್ಪ’ ಅನ್ನೋಣ ಅಂತ ನನ್ನ ಮನಸ್ಸು, ಯಾಕಂದ್ರೆ ದಪ್ಪ ಅಷ್ಟು ಇಲ್ಲದಿದ್ರೆ ಎಣಿಕೆ ಕಮ್ಮಿ ಬಂದು 235ರ ಪಾಲೂ ಇರೋದಕ್ಕಿಂತ ಕಮ್ಮಿ ಕಾಣುತ್ತೆ, ‘ಸಾಕು’ ಅನ್ನೋದು ಆ ಎಚ್ಚರಿಕೆಯನ್ನೂ ಹೇಳುತ್ತೆ. ಪುಡಿ ರೂಪದ ಆಕ್ಸೈಡ್ ಆದ್ರೆ ಹಗುರ ಇರೋದ್ರಿಂದ ಸಾಕುದಪ್ಪ ಸೆಂಟಿಮೀಟರ್‌ಗಳಿಗೆ ಹೋಗುತ್ತೆ. ಇದಲ್ಲದೆ ಉಕ್ಕಿನ ಸಿಲಿಂಡರ್‌ ಒಳಗಿರೋದನ್ನ ಅಳೆಯುವಾಗ ಅದರ ಗೋಡೆ ದಪ್ಪವನ್ನ ಅಲ್ಟ್ರಾಸೋನಿಕ್ ಗೇಜಲ್ಲಿ ನೋಡಿ ತಿದ್ದುಪಡಿ ಮಾಡ್ತಾರೆ, ಅಲ್ಲಿಗೆ ಒಂದೇ ವಾಕ್ಯದಲ್ಲಿ ಎರಡು ದಪ್ಪ ಬಂತು, ಬೇರೆ ಬೇರೆ ಹೆಸರು ಇರಲೇಬೇಕು.

ಕೊನೇದು ಡಿಟೆಕ್ಟರ್ ಒಳಗೆ ಆಗೋ ಸಿಂಟಿಲೇಷನ್. ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳಿಗೆ ಗಾಮಾ ಬಡಿದಾಗ ಬೆಳಕು ಒಂದು ಸಲ ಫಳಕ್ ಅಂದು ಮೈಕ್ರೋಸೆಕೆಂಡಿನೊಳಗೆ ಆರಿಹೋಗುತ್ತೆ, ಬೆಳಕು ಎಷ್ಟು ಜೋರಾಗಿತ್ತು ಅನ್ನೋದರಿಂದ ಕಿರಣದ ಶಕ್ತಿ ಗೊತ್ತಾಗುತ್ತೆ. ‘ಪ್ರಸ್ಫುರಣ’ ಹುಡುಗ್ರಿಗೆ ಭಾರ ಆಗುತ್ತೆ, ‘ಮಿನುಗು’ ಅಂದ್ರೆ ನಕ್ಷತ್ರದ ಥರ ಮತ್ತೆ ಮತ್ತೆ ಹೊಳೆಯೋದು. ‘ಮಿಣುಕು’ ಸರಿ ಹೋಗುತ್ತಾ?

ಹೈದರಾಬಾದಿನ ಎನ್‌ಎಫ್‌ಸಿ (ಅಣು ಇಂಧನ ತಯಾರಿಸೋ ಕಾರ್ಖಾನೆ), ಮುಂಬೈನ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಕಡೆ ಕೆಲಸ ಮಾಡಿದೋರು ಇಲ್ಲಿ ಯಾರಾದ್ರೂ ಇದ್ರೆ, ಕನ್ನಡದೋರು ನಿಮ್ಮನಿಮ್ಮಲ್ಲಿ ಮಾತಾಡುವಾಗ ಇವಕ್ಕೆ ಏನಂತಿದ್ರಿ ಅಂತ ದಯವಿಟ್ಟು ಬರೀರಿ.