ಅಪ್‌ಡೇಟ್: ಕರೆಂಟ್ ಅಳೆಯುವ ಆಂಪ್ಲಿಫೈಯರ್ ಚಿಪ್ ಐಎನ್‌ಎ180 ಎರಡೂವರೆ ಪಟ್ಟು ಜಾಸ್ತಿ ತೋರಿಸುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು

ಹೋದ ವಾರ ಕೇಳಿದ್ದೆನಲ್ಲ, 12 ವೋಲ್ಟ್ ಮೋಟರ್ ಲೈನಿನಲ್ಲಿ 10 ಮಿಲಿಓಮ್ ಶಂಟ್ (ಕರೆಂಟ್ ಅಳೆಯಲು ಹಾಕುವ ಪುಟ್ಟ ರೆಸಿಸ್ಟರ್), 2 ಆಂಪಿಯರ್‌ಗೆ ಚಿಪ್‌ನ ಔಟ್‌ಪುಟ್‌ನಲ್ಲಿ 0.4 ವೋಲ್ಟ್ ಬರಬೇಕು, 1 ವೋಲ್ಟ್ ಬರುತ್ತಿದೆ ಅಂತ. ಶಂಟ್‌ಗೆ ಮತ್ತೆ ಬೆಸುಗೆ ಹಾಕಿದೆ, ಏನೂ ಬದಲಾಗಲಿಲ್ಲ. ಕೆಪಾಸಿಟರ್ ಸೇರಿಸಿದೆ, ರೀಡಿಂಗ್ ಕುಣಿಯುವುದು ನಿಂತಿತು, ಅಷ್ಟೆ.

ಕೈಹಿಡಿದದ್ದು "ಶಂಟ್‌ನ ಎರಡು ತುದಿಗಳ ನಡುವೆ ಅಳೆದು ನೋಡಿ" ಅಂದವರ ಮಾತು. ಸರಿಯಾಗಿ 20 ಮಿಲಿವೋಲ್ಟ್! ಅದು 1 ವೋಲ್ಟ್ ಆಗಿದೆ ಅಂದ್ರೆ ಗೇನ್ (ಚಿಪ್ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು) 50. ನಾನು ಲೆಕ್ಕ ಹಾಕಿದ್ದು ಈ ಚಿಪ್‌ನ ಎ1 ಮಾದರಿಯ ಗೇನ್ 20ಕ್ಕೆ, ಪ್ಯಾಕೆಟ್ ಮೇಲೆ ನೋಡಿದರೆ ಎ2, ಅದರ ಗೇನ್ 50. ಕೋಡ್‌ನಲ್ಲಿ ಒಂದು ಅಂಕಿ ಬದಲಿಸಿದೆ, ಮುಗೀತು.

ಆ 12 ವೋಲ್ಟ್‌ಗೆ ಚಿಪ್ ತಲೆಯನ್ನೇ ಕೆಡಿಸಿಕೊಳ್ಳುವುದಿಲ್ಲ, ಎರಡು ಪಿನ್‌ಗಳ ವ್ಯತ್ಯಾಸವನ್ನಷ್ಟೇ ದೊಡ್ಡದು ಮಾಡುತ್ತದೆ. ಸುಮ್ನೆ ಆ 12 ವೋಲ್ಟ್ ಮೇಲೆ ಅನುಮಾನಪಟ್ಟಿದ್ದೆ. ಆದರೆ ಚಿಪ್‌ನ ಸಪ್ಲೈ 3.3 ವೋಲ್ಟ್ ತಾನೆ, ಔಟ್‌ಪುಟ್ ಅದನ್ನು ದಾಟುವುದಿಲ್ಲ, 6.6 ಆಂಪಿಯರ್ ಮುಟ್ಟುವ ಮೊದಲೇ ಔಟ್‌ಪುಟ್ ಅಲ್ಲೇ ನಿಂತುಬಿಡುತ್ತದೆ.