ಪೆಸರಿಗೆ ಕನ್ನಡದಲ್ಲಿ ಏನನ್ನೋಣ? ಅವಸರವಿದೆ

ನಮಸ್ಕಾರ. ಸ್ತ್ರೀರೋಗ ವಿಭಾಗದಲ್ಲಿ ರೋಗಿಗಳಿಗೆ ಕೊಡುವ ಒಂದು ಪುಟದ ಚೀಟಿ ನಾಳೆ ಅಚ್ಚಿಗೆ ಹೋಗಬೇಕು. ಗರ್ಭಕೋಶ ಜಾರಿದವರಿಗೆ ಆಪರೇಷನ್ ಮಾಡದೆ ಯೋನಿಯೊಳಗೆ ಆನಿಸಿಡುವ ಸಿಲಿಕೋನ್ ಉಂಗುರ, ಪೆಸರಿ. ಕರಡಿನಲ್ಲಿ ‘ಯೋನಿಧಾರಕ’ ಅಂತಿದೆ. ಓದಿದ ನರ್ಸಮ್ಮ ನಕ್ಕರು. ‘ಆಗಾಗ ತೆಗೆದು, ತೊಳೆದು, ಮತ್ತೆ ಹಾಕಬೇಕು’ ಅನ್ನುವ ಸಾಲಿಗೆ ಒಗ್ಗುವ ಪದ ಬೇಕು.

ಮರು: ವಂಕಿ. ಬಳಕೆಯಲ್ಲೇ ಇದೆ.

ಮರು: ಸ್ವಾಮಿ, ವಂಕಿ ಅಂದರೆ ಕಾಪರ್-ಟಿ. ಯಾವ ಆಶಾ ಕಾರ್ಯಕರ್ತೆಯನ್ನಾದರೂ ಕೇಳಿ. ಅರವತ್ತು ದಾಟಿದ ಅಜ್ಜಿಗೆ ವಂಕಿ ಹಾಕಿಸ್ಕೊಳ್ಳಿ ಅಂದರೆ ಎದ್ದು ಹೋಗ್ತಾರೆ.

ಮರು: ಆಯುರ್ವೇದದಲ್ಲಿ ಈ ಕಾಯಿಲೆ ‘ಪ್ರಸ್ರಂಸಿನೀ’. ತುಪ್ಪ ಸವರಿ, ಹಾಲಿನ ಶಾಖ ಕೊಟ್ಟು, ಒಳಸೇರಿಸಿ, ವೇಶವಾರದಿಂದ (ಮಸಾಲೆ ಬೆರೆಸಿ ಅರೆದ ಮಾಂಸದಿಂದ) ಮುಚ್ಚಿ ಕಟ್ಟು ಎಂದು ಸುಶ್ರುತಸಂಹಿತೆಯ ಉತ್ತರತಂತ್ರ ಹೇಳುತ್ತದೆ. ‘ಯೋನಿವರ್ತಿ’ ಸಿದ್ಧವಾಗಿರುವಾಗ ಹೊಸದನ್ನು ಟಂಕಿಸುವ ಚಪಲವೇಕೆ?

ಮರು:
> ಯೋನಿವರ್ತಿ
ವರ್ತಿ ಅಂದರೆ ಬತ್ತಿ, ಮದ್ದು ಬಿಡುವಂಥದ್ದು. ಬಿಳಿ ಸೆರಗಿಗೆ ಕೊಡುವ ಕ್ಲೋಟ್ರಿಮಜೋಲ್ ಗುಳಿಗೆಗೂ ಇಂಗ್ಲಿಷಿನಲ್ಲಿ ಪೆಸರಿ ಅಂತಲೇ ಹೆಸರು, ಅದಕ್ಕೆ ಬೇಕಾದರೆ ಇಟ್ಟುಕೊಳ್ಳಿ. ಅದು ಕರಗುತ್ತೆ, ಇದು ಕರಗಲ್ಲ. ಇನ್ನು ಗ್ರೀಕಿನ ‘ಪೆಸ್ಸೋಸ್’ ಅಂದರೆ ಆಟದ ಕಾಯಿ. ಹಿಪೊಕ್ರಾಟಿಸ್ ಪರಂಪರೆಯ ಬರಹಗಳಲ್ಲಿ ಇದೇ ತೊಂದರೆಗೆ ದಾಳಿಂಬೆ ಹೋಳು ಇಡಿಸಿದ್ದಾರೆ. ನನ್ನ ಓಟು ‘ಕಾಯಿ’ಗೆ.

ಮರು: ಸಕ್ಕದವೂ ಬೇಡ, ಗ್ರೀಕೂ ಬೇಡ. ಕೊಡ ಜಾರದಂತೆ ತಲೆಯ ಮೇಲೆ ಇಡುವುದು ಸಿಂಬಿ. ಆಕಾರವೂ ಅದೇ, ಕೆಲಸವೂ ಅದೇ. ಬಾಶೆಯೊಳಗೇ ಇರುವಾಗ ಎರವಲು ಯಾಕೆ?

ಮರು: ಸಿಂಬಿ ಚೆನ್ನ. ಆದರೆ ಗೆಲ್‌ಹಾರ್ನ್ ಅನ್ನುವ ಬಗೆಗೆ ಬಿಲ್ಲೆ, ಬಿಲ್ಲೆಗೊಂದು ಗೂಟ. ಜಾರಿದ್ದು ಹೆಚ್ಚಾಗಿದ್ದರೆ ಅದನ್ನೇ ಹಾಕೋದು. ಅದೂ ಸಿಂಬಿಯೇ? ಅಂದಹಾಗೆ ‘ಆಕಾರ’ ಯಾವ ಅಚ್ಚಗನ್ನಡ, ಮೇಷ್ಟ್ರೇ?

ಮರು: ಹುಳುಕು ಹುಡುಕುವವರಿಗೆ ಉತ್ತರವಿಲ್ಲ.

ಮರು: ಆಪರೇಷನ್, ಸಿಲಿಕೋನ್, ನರ್ಸು ಎಲ್ಲ ಜೀರ್ಣವಾಗಿವೆ, ಪೆಸರಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತೇ? ಹಾಗೇ ಬರೆಯಿರಿ. ಹಳಗನ್ನಡದ ‘ಪೆಸರ್’ (ಹೆಸರು) ಓದಿದವರಿಗೆ ಸ್ವಲ್ಪ ಕಸಿವಿಸಿಯಾದೀತು, ಅಷ್ಟೇ.

ಮರು: ಎಲ್ಲರಿಗೂ ವಂದನೆ, ಚೀಟಿ ಹೋಯಿತು. ಡಾಕ್ಟರು ಹೇಳೋದೂ ರೋಗಿಗಳು ಕೇಳೋದೂ ‘ರಿಂಗ್’, ಅದನ್ನೇ ಹಾಕಿದೆ. ಕೆಳಗೆ ‘ಕೊಡಕ್ಕೆ ಸಿಂಬಿ ಇದ್ದ ಹಾಗೆ’ ಅಂತ ಒಂದು ಸಾಲು. ರಕ್ತ ಕಂಡರೆ, ವಾಸನೆಯ ಸೆರಗು ಹೋದರೆ, ಮೂತ್ರ ಕಟ್ಟಿದರೆ ಕೂಡಲೇ ಬನ್ನಿ ಅನ್ನೋದನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.

ಮರು:
> ರಿಂಗ್
ಮತ್ತೆ ಕೇಳಿದ್ದೇಕೆ?